ಕೆಳಗಿನಿಂದ ಬಂದ ಬೆಳಕು

ಲಾಸ್ ಏಂಜಲಿಸ್ ಪಕ್ಕದ ಟೊರೆನ್ಸ್‌ನ ಶಾಮಲಾ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಅವಳ ಗಂಡ ಶ್ರೀಕರ್, “ಇಲ್ಲದ ಊರಿಗೆ ಲೈಟ್ ಹಾಕ್ತಾಳೆ” ಎಂದು ಹೇಳಿ, ಕೇಳಿದವರಿಗಿಂತ ಮೊದಲು ತಾನೇ ನಗುತ್ತಾನೆ. ಹತ್ತು ವರ್ಷದಿಂದ ಅದೇ ಮಾತು, ಅದೇ ನಗು. ಅದಕ್ಕೆ ಸಿಟ್ಟಾಗುವುದನ್ನೂ ಶಾಮಲಾ ಈಗ ಬಿಟ್ಟಿದ್ದಾಳೆ. ಮಾತು ಸುಳ್ಳೇನೂ ಅಲ್ಲ. ಅವಳು ಅನಿಮೇಷನ್ ಸ್ಟುಡಿಯೋ ಒಂದರಲ್ಲಿ ಲೈಟಿಂಗ್ ಆರ್ಟಿಸ್ಟ್. ಮಾಟಗಾತಿಯರು, ಹಾರುವ ಕುದುರೆಗಳು, ಮಾತಾಡುವ ಬೆಟ್ಟಗಳು ಇರುವ ಚಿತ್ರಗಳಿಗೆ ಕಂಪ್ಯೂಟರಿನೊಳಗೆ ಬೆಳಕು ಇಡುವವಳು.

ಬೇರೆಯವರು ಕಾಡು ಕಟ್ಟಿ ಕಳಿಸುತ್ತಾರೆ, ಇನ್ನೊಬ್ಬರು ಅದರೊಳಗೆ ಮಗುವನ್ನು ನಡೆಸಿ ಕಳಿಸುತ್ತಾರೆ. ಅವಳ ಕೈಗೆ ಬರುವಾಗ ಎಲ್ಲವೂ ಬಣ್ಣ ಬಳಿಯದ ಮಣ್ಣಿನ ಗೊಂಬೆಗಳ ಹಾಗೆ ಬೂದು. ಎಲೆಗಳ ಸಂದಿಯಿಂದ ಒಂದಿಷ್ಟು ಹೊಂಬಿಸಿಲು ಬಿಟ್ಟಳೋ, ಅದು ಮಕ್ಕಳು ಆಡುವ ಕಾಡು. ಆ ಬಿಸಿಲನ್ನು ತೆಗೆದು, ಹಸಿರು ಬೆರೆತ ನೀಲಿಯನ್ನು ಮರಗಳ ಹಿಂದಿನಿಂದ ತಂದಳೋ, ಕುರ್ಚಿಯಲ್ಲಿ ಕೂತು ನೋಡುವವರಿಗೂ ಒಳಗೆ ಕಾಲಿಡಲು ಧೈರ್ಯ ಸಾಲದು. ಒಂದು ಮರವೂ ಜಾಗ ಬಿಟ್ಟು ಕದಲಿರುವುದಿಲ್ಲ. ರಾಜಕುಮಾರಿಯ ಕೂದಲಂಚಿಗೆ ತೆಳ್ಳಗೆ ಬೆಳ್ಳಿಗೆರೆ ಎಳೆದರೆ ಅವಳಲ್ಲಿ ಏನೋ ಮಂತ್ರಶಕ್ತಿ ಇದೆ ಎಂದು ಐದು ವರ್ಷದ ಕೂಸಿಗೂ ಗೊತ್ತಾಗುತ್ತದೆ. ಮಂತ್ರಿಯ ಕಣ್ಣುಗುಳಿಗಳನ್ನು ಕತ್ತಲಲ್ಲಿ ಬಿಟ್ಟರೆ ಅವನು ಬಾಯಿ ತೆರೆಯುವ ಮೊದಲೇ ಕಳ್ಳ. ಇದನ್ನೆಲ್ಲ ಶಾಮಲಾ ಹೊಸದಾಗಿ ಸೇರಿದವರಿಗೆ ಪಾಠ ಮಾಡಿದ್ದಾಳೆ. ಪಾಠ ಹೇಳುವವರೇ ಎಡವುವುದು ಹೆಚ್ಚು, ಬಿಡಿ.

ಹುಟ್ಟಿದ್ದು ತುಮಕೂರಿನಲ್ಲಿ. ಬಿ.ಎಸ್ಸಿ. ಮುಗಿದ ಮೇಲೆ ಅಪ್ಪ ಬ್ಯಾಂಕ್ ಪರೀಕ್ಷೆಗೆ ಕಟ್ಟು ಎಂದರು. ಇವಳು ಬೆಂಗಳೂರಿಗೆ ಬಂದು ಆರು ತಿಂಗಳ ಅನಿಮೇಷನ್ ಕೋರ್ಸ್ ಸೇರಿದಳು. ಅಪ್ಪ ಎರಡು ವರ್ಷ ನೆಂಟರ ಮುಂದೆ ಮಗಳು ಕಂಪ್ಯೂಟರ್ ಕಲಿಯುತ್ತಿದ್ದಾಳೆ ಎಂದಷ್ಟೇ ಹೇಳಿಕೊಂಡು ಮಾನ ಉಳಿಸಿಕೊಂಡರು. ಬೆಂಗಳೂರಿನ ಸ್ಟುಡಿಯೋದಲ್ಲಿ ಅಮೆರಿಕದವರ ಕಾರ್ಟೂನ್‌ಗಳಿಗೆ ಹತ್ತು ವರ್ಷ ಬೆಳಕಿಟ್ಟ ಮೇಲೆ, ೨೦೧೪ರಲ್ಲಿ, ಲಾಸ್ ಏಂಜಲಿಸ್‌ನ ಈ ಸ್ಟುಡಿಯೋ ಅವಳನ್ನು ಕರೆಸಿಕೊಂಡಿತು. ಮಗಳು ನಿಕಿತಾಗೆ ಆಗ ಎರಡು ವರ್ಷ.

ಇಲ್ಲೊಂದು ಸಂಗತಿ ಹೇಳಿಬಿಡಬೇಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಆ ಮನೆಯಲ್ಲಿ ವೀಸಾ ಇರುವುದು ಶಾಮಲಾಳ ಕೆಲಸಕ್ಕೆ. ಶ್ರೀಕರ್ ಸ್ಯಾನ್ ಪೀಡ್ರೊ ಬಂದರಿನ ಒಂದು ಸರಕು ಸಾಗಣೆ ಆಫೀಸಿನಲ್ಲಿ ಕಂಟೇನರ್‌ಗಳ ಓಡಾಟ ನೋಡಿಕೊಳ್ಳುವುದು ಅವಳ ಗಂಡನೆಂಬ ಕಾರಣಕ್ಕೆ ಸಿಕ್ಕ ಪರ್ಮಿಟ್ ಮೇಲೆ. ನಿಕಿತಾ ಶಾಲೆಗೆ ಹೋಗುವುದೂ ಅವಳ ಮಗಳಾಗಿ. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ಎಂಟು ವರ್ಷವಾಯಿತು. “ನಿಕಿತಾ ಅಜ್ಜಿ ಆಗೋ ಹೊತ್ತಿಗೆ ಬರತ್ತೆ” ಎನ್ನುವುದು ಶ್ರೀಕರನ ಇನ್ನೊಂದು ಹಳೆಯ ತಮಾಷೆ. ಶಾಮಲಾಳ ಕೆಲಸ ಹೋಯಿತೆಂದರೆ ಅರವತ್ತು ದಿನ. ಅಷ್ಟರಲ್ಲಿ ಬೇರೆ ಕೆಲಸ ಹುಡುಕಿಕೊಳ್ಳಬೇಕು, ಇಲ್ಲವೇ ಮೂವರೂ ಗಂಟುಮೂಟೆ ಕಟ್ಟಬೇಕು.

೨೦೨೦ರಲ್ಲಿ ಎಲ್ಲರನ್ನೂ ಮನೆಗೆ ಕಳಿಸಿದ ಸ್ಟುಡಿಯೋ ಮತ್ತೆ ಪೂರ್ತಿ ಕರೆಯಲೇ ಇಲ್ಲ. ಮಲಗುವ ಕೋಣೆಯ ಮೂಲೆಗೆ ಕಪ್ಪು ಪರದೆ ಕಟ್ಟಿಕೊಂಡು ಅವಳು ಅಲ್ಲೇ ಕೆಲಸ ಮಾಡತೊಡಗಿದಳು. ಆಮೇಲೆ ಹಾಲಿವುಡ್ಡಿನ ಬರಹಗಾರರೂ ನಟರೂ ಮುಷ್ಕರ ಹೂಡಿದ ವರ್ಷ ಬಂತು, ಚಿತ್ರಗಳು ಕಡಿಮೆಯಾದವು. ನೂರಾ ನಲವತ್ತು ಜನರಿದ್ದ ಸ್ಟುಡಿಯೋ ೨೦೨೪ಕ್ಕೆ ಅರವತ್ತಕ್ಕೆ ಇಳಿದಿತ್ತು. ಯಾರನ್ನು ತೆಗೆಯುವಾಗಲೂ ಮೊದಲು ಕ್ಯಾಲೆಂಡರಿನಲ್ಲಿ ಹದಿನೈದು ನಿಮಿಷದ ಒಂದು ಮೀಟಿಂಗ್ ಕಾಣಿಸಿಕೊಳ್ಳುತ್ತಿತ್ತು. ದಂತವೈದ್ಯರ ಅಪಾಯಿಂಟ್‌ಮೆಂಟ್ ನೆನಪಿಸುವ ಗಂಟೆ ಬಾರಿಸಿದರೂ ಶಾಮಲಾಳ ಎದೆ ಧಸಕ್ಕೆನ್ನುತ್ತಿತ್ತು.

ಆ ವರ್ಷ ಅವಳ ತಂಡ ಮಾಡುತ್ತಿದ್ದ ಚಿತ್ರದಲ್ಲಿ ಗುಹೆಯ ತಾಯಿ ಎಂಬ ಒಂದು ಪಾತ್ರವಿತ್ತು. ದಾರಿ ತಪ್ಪಿದ ಅನಾಥ ಹುಡುಗಿಯೊಬ್ಬಳು ಬೆಟ್ಟದೊಳಗಿನ ಗುಹೆಗೆ ಬೀಳುತ್ತಾಳೆ. ಕೈಯಲ್ಲಿದ್ದ ಲಾಟೀನು ಆರಿಹೋಗುತ್ತದೆ. ಕತ್ತಲಲ್ಲಿ ಎದುರಿಗೆ ಒಂದು ದೊಡ್ಡ ಮುಖ ಕಾಣುತ್ತದೆ. ಆ ತಾಯಿಯನ್ನು ಕಂಡ ಕೂಡಲೇ ಮಗುವಿನ ಹೆದರಿಕೆ ಹೋಗಬೇಕು ಎಂದು ನಿರ್ದೇಶಕ ಬರೆದಿದ್ದ. ಆ ಮುಖಕ್ಕೆ ಬೆಳಕಿಡುವ ಕೆಲಸವನ್ನು ಸೂಪರ್‌ವೈಸರ್ ಮಾರ್ಗೊ ಶಾಮಲಾಳಿಗೆ ಕೊಟ್ಟಳು.

ತಾಯಿ ಎಂದ ಕೂಡಲೇ ಶಾಮಲಾಳ ಕೈ ಯೋಚಿಸಲೇ ಇಲ್ಲ. ಗುಹೆಯಲ್ಲಿದ್ದ ಕೊಳದ ನೀರನ್ನು ಹೊಳೆಯಿಸಿ, ತಾಯಿಯ ಪಾದದ ಕಡೆಯಿಂದ ಕೆಂಪುಮಿಶ್ರಿತ ಹಳದಿ ಬೆಳಕನ್ನು ಮೇಲಕ್ಕೆ ಬಿಟ್ಟಳು. ಗಲ್ಲ, ತುಟಿ, ಮೂಗಿನ ಹೊಳ್ಳೆ ಬೆಳಗಿದವು. ಹಣೆ ಅರ್ಧ ಕತ್ತಲಲ್ಲಿ ಉಳಿಯಿತು. ಕಣ್ಣುಗಳಲ್ಲಿ ಮಾತ್ರ ಎರಡು ಕಿಡಿ. ತುಮಕೂರಿನ ಮನೆಯ ಹಿಂದೆ ಚೌಡೇಶ್ವರಿಯ ಗುಡಿಯಿತ್ತು. ಮಂಗಳಾರತಿಯ ಹೊತ್ತಿಗೆ ಅರ್ಚಕರು ಕರ್ಪೂರದ ತಟ್ಟೆಯನ್ನು ಪಾದದ ಹತ್ತಿರ ತಂದಾಗ ಬೆಳ್ಳಿ ಕಣ್ಣಿನ ಆ ಮುಖ ಹೀಗೇ ಎದ್ದು ಬರುತ್ತಿತ್ತು. ಪರೀಕ್ಷೆಯ ಹಿಂದಿನ ದಿನ, ಅಮ್ಮ ಆಸ್ಪತ್ರೆಯಲ್ಲಿದ್ದ ವಾರ, ಅವಳು ಹೋಗಿ ನಿಂತದ್ದು ಆ ಮುಖದ ಮುಂದೆ. ಅವಳ ಮಟ್ಟಿಗೆ ತಾಯಿಯ ಬೆಳಕು ಬರುವುದೇ ಕೆಳಗಿನಿಂದ.

ಗಲ್ಲದ ಕೆಳಗಿನ ಬೆಳಕು ರಾಕ್ಷಸನಿಗೆ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಇಲ್ಲಿನ ಮಕ್ಕಳು ಭೂತದ ಕತೆ ಹೇಳುವಾಗ ಟಾರ್ಚನ್ನು ಗಲ್ಲದ ಕೆಳಗೆ ಹಿಡಿದುಕೊಳ್ಳುವುದನ್ನು ಎಷ್ಟು ಸಲ ನೋಡಿದ್ದಳು. ಎಷ್ಟೋ ಮಾಟಗಾತಿಯರಿಗೆ ತಾನೇ ಹಾಗೆ ಬೆಳಕಿಟ್ಟಿದ್ದಳು. ಆದರೆ ಆ ಪಾಠ ಒಂದು ಕಡೆ, ಚೌಡಮ್ಮ ಇನ್ನೊಂದು ಕಡೆ. ಎರಡೂ ಒಂದೇ ದೀಪ ಎಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಶಾಮಲಾ ಆ ಶಾಟನ್ನು ದಿನಕ್ಕೆ ಹತ್ತು ಸಲ ತೆಗೆದು ನೋಡಿಕೊಂಡಳು.

ಅವಳ ಗ್ರಹಚಾರಕ್ಕೆ ನಿರ್ದೇಶಕನೂ ಒಪ್ಪಿಬಿಟ್ಟ. ಎಲ್ಲೋ ಹೋಟೆಲಿನಲ್ಲಿ ಕೂತು, ಲ್ಯಾಪ್‌ಟಾಪಿನಲ್ಲಿ ಅಂಗೈಯಗಲ ಕಾಣುವ ಚಿತ್ರ ನೋಡಿ, “ಗಾರ್ಜಿಯಸ್” ಎಂದ. ತಾಯಿ ಬರುವ ನಲವತ್ತೊಂದು ಶಾಟುಗಳಿಗೂ ಅದೇ ಬೆಳಕು ಎಂದು ತೀರ್ಮಾನವಾಯಿತು. ತಂಡದ ಏಳು ಜನರೂ ಅದನ್ನೇ ಅನುಸರಿಸಿದರು.

ಅಕ್ಟೋಬರ್ ಮೊದಲ ವಾರ, ಬುಧವಾರ, ಅರ್ಧ ಮುಗಿದ ಚಿತ್ರವನ್ನು ಮಕ್ಕಳಿರುವ ಮನೆಯವರನ್ನು ಕರೆದು ಒಂದು ಥಿಯೇಟರಿನಲ್ಲಿ ತೋರಿಸಿದರು. ಗುರುವಾರ ಬೆಳಿಗ್ಗೆ ಮಾರ್ಗೊ ವಿಡಿಯೋ ಕಾಲ್‌ನಲ್ಲಿ ಬಂದಳು. ತಾಯಿ ಕಾಣಿಸಿಕೊಂಡ ಕೂಡಲೇ ಮೂರು ಮಕ್ಕಳು ಅಳುತ್ತಾ ಹೊರಗೆ ಹೋಗಿದ್ದವು. ಕುಳಿತವರೂ ಅವಳು ಯಾವಾಗ ಹುಡುಗಿಯನ್ನು ತಿನ್ನುತ್ತಾಳೆ ಎಂದು ಕೊನೆಯವರೆಗೆ ಕಾದಿದ್ದರು. ಅಭಿಪ್ರಾಯದ ಚೀಟಿಗಳಲ್ಲಿ ಮುಕ್ಕಾಲು ಪಾಲು ಜನ ಒಂದೇ ಮಾತು ಬರೆದಿದ್ದರು: ಕತೆ ಒಳ್ಳೆಯದು, ಆದರೆ ಆ ಹೆಂಗಸನ್ನು ನಂಬಲಿಕ್ಕಾಗುವುದಿಲ್ಲ.

“ಸೋಮವಾರ ಹನ್ನೊಂದು ಗಂಟೆಗೆ ನಿರ್ದೇಶಕರಿಗೆ ಒಂದು ಹೊಸ ಬೆಳಕು ತೋರಿಸಬೇಕು” ಎಂದಳು ಮಾರ್ಗೊ ಇಂಗ್ಲಿಷಿನಲ್ಲಿ. “ಒಂದೇ. ಎರಡು ಮೂರು ಮಾಡಿ ಆರಿಸಿ ಅನ್ನೋ ಹಾಗಿಲ್ಲ, ಅವರಿಗೆ ಈಗ ಆ ತಾಳ್ಮೆ ಇಲ್ಲ.” ಆಮೇಲೆ, ಅದೇ ವಾರ ತಂಡದಲ್ಲಿ ಎಷ್ಟು ಜನ ಉಳಿಯುತ್ತಾರೆ ಎಂಬುದೂ ನಿಶ್ಚಯವಾಗುತ್ತದೆ ಎಂದು ಸೇರಿಸಿದಳು. ತಪ್ಪು ಯಾರದೆಂದು ಅವಳು ಹೇಳಲಿಲ್ಲ. ಶಾಮಲಾ ಮಾತ್ರ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡಳು.

ಗುರುವಾರ, ಶುಕ್ರವಾರ ಎರಡು ದಿನ ಕಪ್ಪು ಪರದೆಯ ಹಿಂದೆ ಕಳೆದಳು. ಪುಸ್ತಕದಲ್ಲಿರುವ ಹಾಗೆ ಬೆಳಕನ್ನು ಮೇಲಿನಿಂದ, ಒಂದು ಪಕ್ಕಕ್ಕೆ, ಮೆತ್ತಗೆ ಇಟ್ಟಳು. ಹೆದರಿಕೆಯೇನೋ ಹೋಯಿತು, ಅದರ ಜೊತೆಗೆ ತಾಯಿಯೂ ಹೋದಳು. ಗುಹೆಯ ಒಡತಿ ಈಗ ಇನ್ಶೂರೆನ್ಸ್ ಮಾರುವ ಹೆಂಗಸಿನಂತೆ ನಗುತ್ತಿದ್ದಳು. ಹಿಂದಿನಿಂದ ಬೆಳಕಿಟ್ಟರೆ ಮುಖವೇ ಕಾಣದು. ಪ್ರತಿ ಸಲ ಬದಲಿಸಿದಾಗಲೂ ಕಂಪ್ಯೂಟರ್ ಚಿತ್ರ ಕಟ್ಟಿಕೊಡಲು ಮೂರು ಗಂಟೆ ತೆಗೆದುಕೊಳ್ಳುತ್ತಿತ್ತು. ಆ ಮೂರು ಗಂಟೆ ಅವಳು ಫೋನಿನಲ್ಲಿ ಬೇರೆ ಸ್ಟುಡಿಯೋಗಳ ಉದ್ಯೋಗದ ಪುಟ ತೆರೆದು ನೋಡುತ್ತಿದ್ದಳು. ಎಲ್ಲ ಕಡೆ ಖಾಲಿ. ನಿಕಿತಾ ಬಂದು ಮುಂದಿನ ವರ್ಷದ ವಿಜ್ಞಾನ ಶಿಬಿರದ ಫಾರಂಗೆ ಸಹಿ ಕೇಳಿದಾಗ, ಮುಂದಿನ ವರ್ಷ ಎಂಬ ಮಾತಿಗೇ ಅವಳ ಕಣ್ಣು ತುಂಬಿ ಬಂದವು.

ಶುಕ್ರವಾರ ಸಂಜೆ ನಿಶ್ಮಿತಾ ಫೋನ್ ಮಾಡಿದಳು. ತಂಡದಲ್ಲಿದ್ದ ಇನ್ನೊಬ್ಬಳೇ ಕನ್ನಡದವಳು, ಮಂಗಳೂರು ಕಡೆಯ ಹುಡುಗಿ, ಇಪ್ಪತ್ತೆಂಟು ವರ್ಷ. ಸ್ಯಾನ್ ಡಿಯಾಗೊದ ಮೀರಾ ಮೆಸಾದಲ್ಲಿ ಚಿಕ್ಕಮ್ಮ ರತ್ನಾವತಿಯ ಮನೆಯ ಒಂದು ಕೋಣೆಯಲ್ಲಿದ್ದುಕೊಂಡು ಕೆಲಸ ಮಾಡುತ್ತಿದ್ದಳು. ಅವಳೂ ಶಾಮಲಾಳಂಥದೇ ವೀಸಾದ ಮೇಲೆ ಇದ್ದವಳು.

“ಶಾಮಲಕ್ಕ, ನಾಳೆ ಚಿಕ್ಕಮ್ಮನ ಮನೆಯಲ್ಲಿ ನವರಾತ್ರಿ ಪೂಜೆ ಉಂಟು. ಬನ್ನಿ ಆಯ್ತಾ?”

“ನನ್ನ ತಲೆ ಕೆಟ್ಟು ಮೊಸರು ಗಡಿಗೆ ಆಗಿದೆ ಕಣೇ. ಸೋಮವಾರ ಏನ್ ತೋರಿಸ್ಲಿ ನಾನು?”

“ಅಲ್ಲಿ ಕೂತ್ರೆ ಮಾತ್ರ ಹೊಳೆಯುದಾ? ಊಟ ಮಾಡಿ ಹೋಗಿ ಮಾರಾಯ್ರೆ. ದೇವಿಗೆ ಒಂದು ಕೈ ಮುಗಿದ ಹಾಗೂ ಆಗ್ತದೆ.”

ಶ್ರೀಕರ್ ಬಿಡಲಿಲ್ಲ. “ಎರಡು ದಿನದಿಂದ ನೀನು ಸರಿಯಾಗಿ ಉಂಡಿಲ್ಲ. ನಾನು ಡ್ರೈವ್ ಮಾಡ್ತೀನಿ, ನೀನು ಸುಮ್ನೆ ಕೂತ್ಕೋ” ಎಂದ. ಶನಿವಾರ ಮಧ್ಯಾಹ್ನ ಮೂವರೂ ಹೊರಟರು. ದಾರಿಯಲ್ಲಿ ಎಡಕ್ಕೆ ಗುಡ್ಡ, ಬಲಕ್ಕೆ ಸಮುದ್ರ. ಶಾಮಲಾ ಎರಡನ್ನೂ ನೋಡಲಿಲ್ಲ. ಅರವತ್ತು ದಿನ ಎಂದರೆ ಡಿಸೆಂಬರ್ ಎಷ್ಟನೇ ತಾರೀಕಿಗೆ ಮುಗಿಯುತ್ತದೆ ಎಂದು ಬೆರಳು ಮಡಚುತ್ತಿದ್ದಳು.

ರತ್ನಾವತಿ ಆಂಟಿಯ ಮನೆಯ ಹಾಲ್‌ನಲ್ಲಿ ಸೋಫಾಗಳನ್ನು ಗೋಡೆಗೆ ಸರಿಸಿ, ಸೇವಂತಿಗೆಯಲ್ಲಿ ಮುಳುಗಿದ ದೇವಿಯನ್ನು ಕೂರಿಸಿದ್ದರು. ಮೂವತ್ತು ಜನ ಸೇರಿದ್ದರು. ಮಂಗಳಾರತಿಗೆ ಮುಂಚೆ ಆಂಟಿಯ ಗಂಡ ದೇವದಾಸ ಅಂಕಲ್ ಸ್ಟೂಲ್ ಹತ್ತಿ ಚಾವಣಿಯ ಹೊಗೆ ಅಲಾರಂಗೆ ಪ್ಲಾಸ್ಟಿಕ್ಕಿನ ಸ್ನಾನದ ಟೋಪಿ ತೊಡಿಸಿದರು. ಹೋದ ವರ್ಷ ಅದು ಕೂಗಿಕೊಂಡು, ಅಗ್ನಿಶಾಮಕದವರು ಬಂದು, ಕೋಸಂಬರಿ ತಿಂದು ಹೋಗಿದ್ದರಂತೆ. ಲೈಟ್ ಆರಿಸಿದರು. ನಿಶ್ಮಿತಾ ಕರ್ಪೂರ ಹಚ್ಚಿದ ತಟ್ಟೆಯನ್ನು ಎತ್ತಿಕೊಂಡು ದೇವಿಯ ಪಾದದ ಹತ್ತಿರ ಹಿಡಿದಳು.

ಕತ್ತಲಿನಿಂದ ಮುಖ ಎದ್ದು ಬಂತು. ಗಲ್ಲ, ತುಟಿ, ಎರಡು ಕಣ್ಣಿನ ಕಿಡಿ. ಶಾಮಲಾಳಿಗೆ ಒಳಗೊಳಗೇ ಸಿಟ್ಟು ಉಕ್ಕಿತು. ಇದೇ ತಾನೇ ನಾನು ಮಾಡಿದ್ದು? ಇದಕ್ಕೆ ಹೆದರುವವರು ಯಾರು? ಆ ಥಿಯೇಟರಿನವರಿಗೆಲ್ಲ ತಾಯಿಯ ಮುಖವೆಂದರೆ ಏನೆಂದು ಗೊತ್ತಿದೆಯೇ? ಅವಳು ಪಕ್ಕಕ್ಕೆ ತಿರುಗಿ ನೋಡಿದಳು. ನಿಕಿತಾ ಕೈಮುಗಿದು ಕಣ್ಣು ಗಟ್ಟಿಯಾಗಿ ಮುಚ್ಚಿ ನಿಂತಿದ್ದಳು. ಅವಳು ಮೂರು ವರ್ಷದವಳಿದ್ದಾಗಿನಿಂದಲೂ ಹಾಗೆಯೇ. ಇಂಗ್ಲಿಷಿನಲ್ಲಿ ಉತ್ತರ ಕೊಡಲಿ, ಉಪ್ಪಿಟ್ಟು ಮುಟ್ಟದಿರಲಿ, ಆರತಿಯ ಮುಂದೆ ಮಾತ್ರ ಎಂಥ ಭಕ್ತಿ ಎಂದು ತುಮಕೂರಿಗೆ ಫೋನ್ ಮಾಡಿದಾಗಲೆಲ್ಲ ಶಾಮಲಾ ಹೇಳಿಕೊಂಡು ಬೀಗಿದ್ದಾಳೆ.

ಊಟಕ್ಕೆ ಕೂತಾಗ ಅವಳು ಮಗಳ ತಲೆ ಸವರಿ ಕೇಳಿದಳು. “ಅಷ್ಟು ಹೊತ್ತು ಏನ್ ಬೇಡ್ಕೊಂಡೆ ಪುಟ್ಟಿ?”

“ನಥಿಂಗ್” ಎಂದಳು ನಿಕಿತಾ. ತಟ್ಟೆಯಲ್ಲಿದ್ದ ಹಪ್ಪಳ ಮುರಿಯುತ್ತಾ, ಇಂಗ್ಲಿಷಿನಲ್ಲಿ, ಯಾವ ದೊಡ್ಡ ವಿಷಯವೂ ಅಲ್ಲವೆಂಬಂತೆ ಹೇಳಿದಳು. ತಾನು ಪ್ರಾರ್ಥನೆ ಮಾಡುವುದಿಲ್ಲ. ಆ ಹೊತ್ತಿನಲ್ಲಿ ದೇವರ ಮುಖ ನೋಡಲು ತನಗೆ ಭಯ. ಚಿಕ್ಕವಳಿದ್ದಾಗ ತುಂಬಾ ಭಯವಿತ್ತು, ಈಗ ಸ್ವಲ್ಪ. ಅದಕ್ಕೇ ಕಣ್ಣು ಮುಚ್ಚಿಕೊಳ್ಳುವುದು.

ಶಾಮಲಾಳ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. “ಮತ್ತೆ ಯಾಕೆ ಹೇಳ್ಲಿಲ್ಲ ನೀನು?”

“ಯು ವರ್ ಸೋ ಹ್ಯಾಪಿ, ಅಮ್ಮಾ.”

ಥಿಯೇಟರಿನಿಂದ ಅಳುತ್ತಾ ಹೋದ ಮೂರು ಮಕ್ಕಳ ಮೇಲೆ ಶಾಮಲಾ ಎರಡು ದಿನದಿಂದ ಮನಸ್ಸಿನಲ್ಲೇ ಹಲ್ಲು ಕಡಿದಿದ್ದಳು. ನಾಲ್ಕನೆಯದು ತನ್ನ ಮನೆಯಲ್ಲೇ, ತನ್ನ ಪಕ್ಕದಲ್ಲೇ, ಒಂಬತ್ತು ವರ್ಷದಿಂದ ನಿಂತಿತ್ತು. ಮಗಳನ್ನು ಎಷ್ಟು ಸಲ ಮುಂದಕ್ಕೆ ತಳ್ಳಿ, ಸರಿಯಾಗಿ ಕಾಣಲಿ ಎಂದು ಎತ್ತಿ ಹಿಡಿದಿದ್ದಳು ಎಂಬುದೆಲ್ಲ ನೆನಪಾಗಿ ನಾಚಿಕೆಯಾಯಿತು. ಪೂರ್ತಿ ಹೊತ್ತು ಭಯವೇ ಆಗುತ್ತದೆಯೇ ಎಂದು ಕಷ್ಟಪಟ್ಟು ಕೇಳಿದಳು. ಇಲ್ಲ ಎಂದಳು ನಿಕಿತಾ. ತಟ್ಟೆ ನಮ್ಮ ಹತ್ತಿರ ಬಂದಾಗ ಕಣ್ಣು ಬಿಡುತ್ತೇನೆ. ಆಗ ಅದನ್ನು ಹಿಡಿದಿರುವುದು ನಿಶ್ಮಿತಾ ಆಂಟಿ ಎಂದು ಕಾಣುತ್ತದಲ್ಲ, ಆಮೇಲೆ ಏನೂ ಅನ್ನಿಸುವುದಿಲ್ಲ.

ಪಾಯಸದ ಸೌಟು ಹಿಡಿದು ಬಂದಿದ್ದ ನಿಶ್ಮಿತಾ ಈ ಮಾತು ಕೇಳಿಸಿಕೊಂಡು ನಿಂತುಬಿಟ್ಟಳು. ಬಡಿಸುವುದನ್ನು ಮರೆತಳು. “ಶಾಮಲಕ್ಕ, ನಮ್ಮ ಸಿನಿಮಾದ ಹುಡುಗಿ ಹತ್ರ ಲಾಟೀನು ಉಂಟಲ್ಲ?”

“ಅದು ಆರಿ ಹೋಗಿರತ್ತಲ್ಲೇ.”

“ಆರಿಸಿದ್ದು ಯಾರು? ನಾನೇ ಅಲ್ವಾ? ಅದರ ಹಿಂದಿನ ಶಾಟು ನನ್ನದು. ಆರದೆ ಇದ್ರೆ ಎಂತ ಆಗ್ತದೆ? ನಿಮ್ಮ ಶಾಟಿನಲ್ಲಿ ಅವಳು ಹೆದರಿ ಹೇಗೂ ಆರಿದ ಲಾಟೀನನ್ನೇ ಮೇಲೆ ಎತ್ತುತ್ತಾಳಲ್ಲ. ಸೊಂಟದಿಂದ ಮುಖದವರೆಗೆ. ಬೆಳಕು ಅವಳ ಕೈಯಿಂದಲೇ ಬರ್ಲಿ. ಕೊಳ ಬೇಡ.”

ಶಾಮಲಾ ಎಂಜಲು ಕೈಯಲ್ಲೇ ಎದ್ದು ನಿಂತಳು. ಬೆಳಕು ಕೆಳಗಿನಿಂದಲೇ ಶುರುವಾಗುತ್ತದೆ, ಆದರೆ ಹಿಡಿದವರು ಯಾರೆಂದು ಕಾಣುತ್ತದೆ. ಮಗು ಲಾಟೀನು ಎತ್ತುತ್ತಾ ಹೋದ ಹಾಗೆ ನೆರಳುಗಳು ತಾಯಿಯ ಹಣೆಯಿಂದ ಜಾರಿ, ಕಣ್ಣುಗುಳಿಗಳು ತುಂಬಿ, ಮುಖ ತಾನಾಗಿ ಮೆತ್ತಗಾಗುತ್ತದೆ. ಹೆದರಿದವಳೇ ಬೆಳಕನ್ನು ಎತ್ತಿ ನೋಡಿದಾಗ ರಾಕ್ಷಸಿ ಹೋಗಿ ತಾಯಿ ಬರುತ್ತಾಳೆ. ಎರಡು ದಿನ ತಲೆ ಚಚ್ಚಿಕೊಂಡರೂ ಸಿಗದದ್ದು ಪಾಯಸ ಬಡಿಸುವ ಹೊತ್ತಿನಲ್ಲಿ ಸಿಕ್ಕಿತ್ತು. ರತ್ನಾವತಿ ಆಂಟಿ, “ಊಟದ ಮಧ್ಯ ಏಳ್ಬಾರ್ದು, ಕೂತ್ಕೊಳ್ಳಿ ನೀವು” ಎಂದು ಗದರಿಸಿ ಕೂರಿಸಿದರು.

ಭಾನುವಾರ ಇಡೀ ದಿನ ಒಬ್ಬಳು ಟೊರೆನ್ಸ್‌ನಲ್ಲಿ, ಒಬ್ಬಳು ಮೀರಾ ಮೆಸಾದಲ್ಲಿ, ಫೋನನ್ನು ಸ್ಪೀಕರಿಗೆ ಹಾಕಿಕೊಂಡು ಕೆಲಸ ಮಾಡಿದರು. ನಿಶ್ಮಿತಾ ತನ್ನ ಶಾಟು ತೆರೆದು, ಆರುತ್ತಿದ್ದ ಜ್ವಾಲೆ ಕುಗ್ಗಿ, ನಡುಗಿ, ಮತ್ತೆ ಹಿಡಿದುಕೊಳ್ಳುವಂತೆ ಮಾಡಿದಳು. ಆ ಜ್ವಾಲೆಯ ಬಣ್ಣ, ಅದರ ನಡುಕ, ಅದು ಎಷ್ಟು ದೂರಕ್ಕೆ ಬೆಳಕು ಚೆಲ್ಲಬೇಕು ಎಂಬುದನ್ನೆಲ್ಲ ಅವಳೇ ಕಟ್ಟಿ ಕಳಿಸಿದಳು. ಶಾಮಲಾ ಅದನ್ನು ತನ್ನ ಶಾಟಿನೊಳಗೆ ಇಟ್ಟು ತಾಯಿಯ ಮುಖವನ್ನು ತಿದ್ದಿದಳು. ಒಪ್ಪಿಗೆಯಾದ ಶಾಟನ್ನು ಕೇಳದೆ ಮುಟ್ಟಿದ್ದಕ್ಕೆ ಬೈಗುಳ ತಿನ್ನಬೇಕಾದೀತೆಂದು ನಿಶ್ಮಿತಾ ಮಾರ್ಗೊಗೆ ಏನೂ ಬರೆಯಲಿಲ್ಲ. “ನಾಳೆ ನೀವೇ ಹೇಳಿ ಅಕ್ಕ, ನೀವು ಹೇಳಿದ್ರೆ ಬೈಯುದಿಲ್ಲ” ಎಂದಳು. ಹೇಳುತ್ತೇನೆ ಎಂದು ಶಾಮಲಾ ಮಾತು ಕೊಟ್ಟಳು.

ಸೋಮವಾರ ಹನ್ನೊಂದು ಗಂಟೆಯ ಮೀಟಿಂಗಿಗೆ ಕರೆದಿದ್ದು ಶಾಮಲಾ ಒಬ್ಬಳನ್ನೇ. ನಿರ್ದೇಶಕ ಕ್ಯಾಮೆರಾ ಆಫ್ ಮಾಡಿಕೊಂಡಿದ್ದ. ಕಪ್ಪು ಚೌಕದಲ್ಲಿ ಅವನ ಹೆಸರು ಮಾತ್ರ. ಎರಡೂ ಶಾಟುಗಳನ್ನು ಸೇರಿಸಿ ಓಡಿಸಿದರು. ಹದಿನಾಲ್ಕು ಸೆಕೆಂಡು.

ಮತ್ತೊಮ್ಮೆ ಓಡಿಸಿ ಎಂದ ನಿರ್ದೇಶಕ. ನಾಲ್ಕು ಸಲ ನೋಡಿದ. ಆಮೇಲೆ ಕ್ಯಾಮೆರಾ ಆನ್ ಮಾಡಿದ. ಗಡ್ಡದ ಮನುಷ್ಯ, ಕಣ್ಣು ಒದ್ದೆಯಾಗಿತ್ತು. “ಇದು. ಇದೇ ನನಗೆ ಬೇಕಾಗಿದ್ದದ್ದು” ಎಂದ. “ಲಾಟೀನನ್ನು ಆರಿಸದೆ ಉಳಿಸುವುದು ಯಾರಿಗೆ ಹೊಳೆಯಿತು?”

“ಶಾಮಲಾ ಕೆಲಸ ಅದು” ಎಂದಳು ಮಾರ್ಗೊ, ಹೆಮ್ಮೆಯಿಂದ.

ಶಾಮಲಾ ಬಾಯಿ ತೆರೆದಳು. ಹೆಸರು ನಾಲಿಗೆಯ ತುದಿಯಲ್ಲೇ ಇತ್ತು, ಮೂರಕ್ಷರ. ಆದರೆ ಆ ಒಂದು ಗಳಿಗೆಯಲ್ಲಿ ತಲೆ ಬೇರೆಯೇ ಓಡಿತು. ತಪ್ಪು ನನ್ನದು, ದಾರಿ ಅವಳದು ಎಂದರೆ ತನ್ನ ಪಾಲಿಗೆ ಉಳಿಯುವುದು ತಪ್ಪೊಂದೇ. ಅಂಥವಳನ್ನು ಯಾಕೆ ಇಟ್ಟುಕೊಳ್ಳುತ್ತಾರೆ? ಶ್ರೀಕರನ ಪರ್ಮಿಟ್, ನಿಕಿತಾಳ ಫಾರಂ, ಡಿಸೆಂಬರ್‌ನ ಆ ತಾರೀಕು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಅವಳು ತುಟಿ ಪಿಟಿಕ್ಕೆನ್ನಲಿಲ್ಲ. ಮುಗುಳ್ನಕ್ಕಳು. ನಿರ್ದೇಶಕ ಬೇರೆ ಮಾತಿಗೆ ಹೋದ.

ಬೀಸುವ ದೊಣ್ಣೆ ತಪ್ಪಿದರೆ ನೂರು ವರ್ಷ ಆಯಸ್ಸು ಎನ್ನುತ್ತಾರೆ. ಆ ಮಧ್ಯಾಹ್ನ ಶಾಮಲಾ ಹೊಟ್ಟೆ ತುಂಬ ಉಂಡಳು. ಸಂಜೆ ಮಾರ್ಗೊಗೆ ಹೇಳಿಬಿಡುತ್ತೇನೆ ಎಂದುಕೊಂಡಳು. ಸಂಜೆ ಮಾರ್ಗೊ ಬೇರೊಂದು ಮೀಟಿಂಗಿನಲ್ಲಿದ್ದಳು. ಮಂಗಳವಾರ ಎಂದುಕೊಂಡಳು. ಮಂಗಳವಾರ ನಿಶ್ಮಿತಾ, “ಹೇಳಿದ್ರಾ ಅಕ್ಕ, ಬೈದ್ರಾ?” ಎಂದು ಮೆಸೇಜ್ ಕಳಿಸಿದಳು. “ಇಲ್ಲ, ಬೈಲಿಲ್ಲ” ಎಂದು ಶಾಮಲಾ ಉತ್ತರ ಬರೆದಳು. ಬರೆದದ್ದರಲ್ಲಿ ಸುಳ್ಳೇನಿದೆ ಎಂದು ತನ್ನನ್ನೇ ಕೇಳಿಕೊಂಡು, ಫೋನನ್ನು ಬೋರಲು ಇಟ್ಟಳು. ಬುಧವಾರ ಆ ಯೋಚನೆಯೇ ಬರದ ಹಾಗೆ ಕೆಲಸದಲ್ಲಿ ಮುಳುಗಿದಳು.

ಗುರುವಾರ ಬೆಳಿಗ್ಗೆ ಮಾರ್ಗೊ ಒಳ್ಳೆಯ ಸುದ್ದಿ ತಂದಳು. ಲಾಟೀನಿನ ಬೆಳಕನ್ನು ಒಮ್ಮೆ ಕಟ್ಟಿದ್ದಾಗಿದೆಯಲ್ಲ, ಅದನ್ನೇ ಉಳಿದ ನಲವತ್ತು ಶಾಟುಗಳಿಗೂ ಒಯ್ದು ಇಡಬಹುದು. ಏಳು ಜನ ಎರಡು ತಿಂಗಳು ಮಾಡಬೇಕಿದ್ದ ಕೆಲಸ ಮೂವರಿಗೆ ಸಾಕು. ಶಾಮಲಾ ಆ ಮೂವರಲ್ಲಿ ಒಬ್ಬಳು. ಮುಂದಿನ ಚಿತ್ರಕ್ಕೂ ಅವಳ ಹೆಸರು ಕೊಟ್ಟಾಗಿದೆ. ಉಳಿದ ನಾಲ್ವರಿಗೆ ಆಗಲೇ ಹದಿನೈದು ನಿಮಿಷದ ಮೀಟಿಂಗ್ ಮುಗಿದಿತ್ತು.

ಮಧ್ಯಾಹ್ನ ನಿಶ್ಮಿತಾ ತಾನೇ ಫೋನ್ ಮಾಡಿದಳು. ದನಿ ಎಂದಿನ ಹಾಗೇ ಇತ್ತು. ಅತ್ತು ಮುಗಿಸಿ ಮಾಡಿದ್ದಳೋ ಏನೋ. “ನನ್ನದು ಹೋಯ್ತು ಅಕ್ಕ. ನಿಮ್ಮದು ಉಳಿಯಿತಲ್ಲ, ಅಷ್ಟು ಸಾಕು. ನಿಮಗೆ ಮಗಳು ಉಂಟು. ನನಗೆ ಎಂತ, ಒಬ್ಬಳೇ. ಅರವತ್ತು ದಿನ ಉಂಟಲ್ಲ, ಎಲ್ಲಿಯಾದ್ರೂ ಅಪ್ಲೈ ಮಾಡ್ತೇನೆ.” ಆಮೇಲೆ ಸೇರಿಸಿದಳು. “ಆ ಲಾಟೀನಿನ ವಿಷಯ ನೀವು ಹೇಳಿದ್ರಲ್ಲ, ಮಾರ್ಗೊ ಹತ್ರ ಒಂದು ರೆಕಮಂಡೇಶನ್ ಕೇಳಬಹುದಾ ಅಂತ.”

“ನಾನು ಮಾತಾಡ್ತೀನಿ” ಎಂದಳು ಶಾಮಲಾ. ಬೇರೆ ಏನು ಹೇಳಿದಳೋ ಅವಳಿಗೇ ನೆನಪಿಲ್ಲ.

ಫೋನ್ ಇಟ್ಟವಳು ಅಡುಗೆಮನೆಗೆ ಹೋಗಿ ನೀರು ಕುಡಿದಳು. ಮತ್ತೆ ಬಂದು ಕೂತಳು. ಈಗ ಹೆದರಿಕೆಗೆ ಯಾವ ಕಾರಣವೂ ಇರಲಿಲ್ಲ. ಕೆಲಸ ಉಳಿದಿತ್ತು, ಮನೆ ಉಳಿದಿತ್ತು. ಆದರೂ ಮಾರ್ಗೊಗೆ ಕರೆ ಒತ್ತಲು ಸೋಮವಾರಕ್ಕಿಂತ ಹೆಚ್ಚು ಧೈರ್ಯ ಬೇಕಾಯಿತು. ಮಾರ್ಗೊ ತೆರೆಯ ಮೇಲೆ ಬಂದ ಕೂಡಲೇ, ನಡುವೆ ಉಸಿರೂ ಬಿಡದೆ, ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದಳು. ಲಾಟೀನು ನಿಶ್ಮಿತಾಳದು. ಯೋಚನೆಯೂ ಅವಳದೇ, ಬೆಳಕು ಕಟ್ಟಿದ್ದೂ ಅವಳೇ.

ಮಾರ್ಗೊ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಬೆಳಿಗ್ಗೆಯಿಂದ ನಾಲ್ವರನ್ನು ಕಳಿಸಿ ಅವಳೂ ಬಳಲಿದ್ದಳು. ಪರದೆಯ ಆ ಕಡೆಯಿಂದ ಬಹಳ ಪ್ರೀತಿಯಿಂದ ಶಾಮಲಾಳನ್ನು ನೋಡಿದಳು. ಕೆಲಸ ಹೋದವಳಿಗಾಗಿ ತಮಗೆ ಬಂದ ಹೆಸರನ್ನೇ ಬಿಟ್ಟುಕೊಡುವವರನ್ನು ತಾನು ಈ ಊರಿನಲ್ಲಿ ಕಂಡಿಲ್ಲ ಎಂದಳು. ನಿನ್ನದು ದೊಡ್ಡ ಮನಸ್ಸು, ಆ ಹುಡುಗಿಗೆ ಒಳ್ಳೆಯ ನಾಲ್ಕು ಸಾಲು ಖಂಡಿತ ಬರೆದುಕೊಡುತ್ತೇನೆ, ನೀನು ಅದಕ್ಕಾಗಿ ಹೀಗೆಲ್ಲ ಹೇಳಬೇಕಾಗಿಲ್ಲ ಎಂದಳು.

ಅಲ್ಲ, ಇದು ದೊಡ್ಡ ಮನಸ್ಸಿನ ಮಾತಲ್ಲ, ನಡೆದದ್ದೇ ಹೀಗೆ, ಸೋಮವಾರ ನಾನು ಬಾಯಿ ಮುಚ್ಚಿಕೊಂಡಿದ್ದೆ ಎಂದು ಹೇಳಲು ಇನ್ನೊಂದೇ ವಾಕ್ಯ ಬೇಕಿತ್ತು. ಮಾರ್ಗೊ ಕಾಯುತ್ತಿದ್ದಳು ಕೂಡ. ಕೋಣೆಯ ಹೊರಗೆ ನಿಕಿತಾ ಶಾಲೆಯಿಂದ ಬಂದು ಬ್ಯಾಗ್ ಇಳಿಸಿದ ಸದ್ದಾಯಿತು.

“ಥ್ಯಾಂಕ್ ಯು” ಎಂದಳು ಶಾಮಲಾ.